ಮೊಲದ ಕಣ್ಣು: ನಮ್ಮ ಪಶುವೈದ್ಯ ಪರಂಪರೆಯಲ್ಲಿ ಒಂದು ತೆರವು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಒಳಗೊಂಡ ಕಲಬುರಗಿ ಜಿಲ್ಲೆಯ ಈ ಭಾಗಕ್ಕೆ ಪ್ರಾಣಿದಯೆಯ ಮಾತು ಹೊಸತಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದಾಗಿ ಆ ಅರಸನು ಹೇಳಿಕೊಂಡಿರುವ ಎರಡನೆಯ ಬಂಡೆಶಾಸನವು ಸನ್ನತಿಯ ಶಿಲೆಯಲ್ಲಿಲ್ಲ. ಆದರೂ ಆ ಆಳಿಕೆಯ ವ್ಯಾಪ್ತಿಯಲ್ಲಿ ಈ ನೆಲವೂ ಇದ್ದಿತು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಸಮಕಾಲೀನನೆನಿಸಿದ ಉಗ್ರಾದಿತ್ಯನು ತನ್ನ ಸಂಸ್ಕೃತ ವೈದ್ಯಗ್ರಂಥ ‘ಕಲ್ಯಾಣಕಾರಕ’ದ ಕೊನೆಯಲ್ಲಿ ಮಾಂಸಸೇವನೆಯನ್ನು ಖಂಡಿಸಿದ್ದಾನೆ. ಹೀಗಿರಲು, ಇಂದು ಮನೆಗಳಲ್ಲಿ ಅಕ್ಕರೆಯಿಂದ ಸಾಕುವ ಮೊಲದ ಕಣ್ಣುಬೇನೆಗೆ ಈ ಪರಂಪರೆಯಲ್ಲಿ ಮದ್ದುಂಟೇ ಎಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಕನ್ನಡದ ಪಶುವೈದ್ಯ ಸಾಹಿತ್ಯವು ಪ್ರಾಚೀನವಾದುದು. ಚಾಲುಕ್ಯ ವಂಶದ ಕೀರ್ತಿವರ್ಮನ ‘ಗೋವೈದ್ಯ’ವು 12ನೆಯ ಶತಮಾನದ ಆದಿಭಾಗದ್ದು. ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಆನೆ ಕುದುರೆಗಳ ವಿಚಾರವು ವಿಸ್ತಾರವಾಗಿ ಬಂದಿದೆ. ಉಳುವ, ಹಾಲು ಕರೆಯುವ, ದಂಡಿಗೆ ಒದಗುವ ಪ್ರಾಣಿಗಳೇ ಈ ಶಾಸ್ತ್ರದ ರೋಗಿಗಳು. ಮೊಲವೋ, ಚಂದ್ರನ ಮೈಯ ಕಲೆಯಾಗಿ, ಬೇಟೆನಾಯಿಗಳನ್ನು ಅಟ್ಟಿದ ವಿಜಯನಗರದ ಐತಿಹ್ಯವಾಗಿ, ಬೇಡನ ಬಲೆಯ ಬೇಟೆಯಾಗಿ ಉಳಿಯಿತು. ಮನೆಯ ಪ್ರಾಣಿಯಲ್ಲದುದಕ್ಕೆ ಮನೆಯ ಮದ್ದು ಹುಟ್ಟಲಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದುಂಟು. ನಮ್ಮ ಹಿರಿಯರು ಮೊಲವೆಂದು ಕರೆದುದು ಕಾಡು ಹೊಲಗಳ ಮೊಲವನ್ನು. ಇಂದು ಗೂಡಿನಲ್ಲಿ ಸಾಕುವುದು ಐಬೀರಿಯ ಪರ್ಯಾಯದ್ವೀಪದ ಮೂಲದಿಂದ ಬಂದ ಬೇರೊಂದು ಜಾತಿಯನ್ನು. ಹೆಸರು ಒಂದೇ, ಪ್ರಾಣಿಗಳು ಎರಡು. ಕಾಡುಮೊಲದ ಮರಿಯು ಮೈತುಂಬ ಕೂದಲೊಡನೆ ಕಣ್ಣು ತೆರೆದೇ ಹುಟ್ಟುತ್ತದೆ. ಸಾಕುಮೊಲದ ಮರಿಯು ಬರಿಮೈಯಲ್ಲಿ ಹುಟ್ಟಿ ಸುಮಾರು 10 ದಿನಗಳ ತರುವಾಯ ಕಣ್ಣು ಬಿಡುತ್ತದೆ. ಮೊದಲನೆಯದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವಂತಿಲ್ಲ.

ಯುರೋಪಿನಲ್ಲಿ ಈ ಸಾಕುಮೊಲದ ಕಣ್ಣು ಮನುಷ್ಯನಿಗೆ ಬಹುಕಾಲ ದುಡಿಯಿತು. 1824ರಲ್ಲಿ ಜರ್ಮನಿಯ ರೈಸಿಂಗರ್ ಮೊಲಗಳಲ್ಲಿ ಕಣ್ಣಿನ ಪಾರದರ್ಶಕ ಪಟಲದ ಕಸಿಯನ್ನು ಪ್ರಯೋಗಿಸಿದನು. 1878ರ ಸುಮಾರಿಗೆ ಹೈಡೆಲ್‌ಬರ್ಗಿನ ಕ್ಯೂನೆಯು ಸತ್ತ ಮೊಲದ ಅಕ್ಷಿಪಟದ ಮೇಲೆ ಅದು ಕೊನೆಗೆ ಕಂಡ ಕಿಟಕಿಯ ಚಿತ್ರವನ್ನು ಉಳಿಸಿ ತೋರಿಸಿದನು. 1944ರಲ್ಲಿ ಅಮೆರಿಕದ ಡ್ರೇಜ್ ರೂಪಿಸಿದ ಪರೀಕ್ಷೆಯಲ್ಲಿ ಪ್ರಸಾಧನ ದ್ರವ್ಯಗಳ ಉರಿಯನ್ನು ಅಳೆಯುವ ಸಾಧನವಾದುದೂ ಮೊಲದ ಕಣ್ಣೇ. ಪ್ರಸಾಧನ ದ್ರವ್ಯಗಳಿಗಾಗಿ ಪ್ರಾಣಿಗಳ ಮೇಲೆ ನಡೆಯುವ ಇಂಥ ಪರೀಕ್ಷೆಗಳನ್ನು ಭಾರತವು 2014ರಲ್ಲಿ ನಿಷೇಧಿಸಿತು. ಇಷ್ಟು ಸೇವೆ ಪಡೆದ ಮೇಲೂ ಆ ಕಣ್ಣಿನ ಆರೈಕೆಯನ್ನು ಜನ ಅರಿಯದಿರುವುದು ಸೋಜಿಗವೇ ಸರಿ.

ಆ ಆರೈಕೆಯಲ್ಲಿ ತಿಳಿಯಬೇಕಾದುದು ಕೆಲವೇ ಅಂಶಗಳು. ಮೊಲದ ಪ್ರತಿ ಕಣ್ಣಿಗೆ ಕಣ್ಣೀರು ಇಳಿಯುವ ರಂಧ್ರ ಒಂದೇ. ಅಲ್ಲಿಂದ ಮೂಗಿಗೆ ಹೋಗುವ ನಾಳವು ಹಲ್ಲಿನ ಬೇರುಗಳ ಪಕ್ಕದಲ್ಲಿ ಹಾಯುತ್ತದೆ. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯತಕ್ಕವು. ಹುಲ್ಲನ್ನು ಜಗಿದೇ ಅವು ಸವೆಯಬೇಕು. ಕಾಳು, ರೊಟ್ಟಿಗಳನ್ನೇ ತಿನ್ನಿಸಿದರೆ ಹಲ್ಲು ಮಿತಿಮೀರಿ ಬೆಳೆದು, ಬೇರು ನಾಳವನ್ನೊತ್ತಿ, ಕಣ್ಣು ಸುರಿದು ಕೀವು ಕಟ್ಟುತ್ತದೆ. ಆದಕಾರಣ ಬೇನೆ ಕಣ್ಣಿನಲ್ಲಿ ಕಂಡರೂ ಅದರ ಮೂಲ ಬಾಯಲ್ಲಿರಬಹುದು. ಎನ್ಸೆಫಲಿಟೊಜೂನ್ ಎಂಬ ಸೂಕ್ಷ್ಮಜೀವಿಯಿಂದ ಕಣ್ಣಿನೊಳಗೆ ಉರಿಯೂತವೂ ಪೊರೆಯೂ ಉಂಟಾಗುತ್ತವೆ. ಧೂಳೂ ಶತ್ರುವೇ. ಶಹಾಬಾದ ಕಲ್ಲಿನ ಗಣಿಗಳೂ ವಾಡಿಯ ಸಿಮೆಂಟ್ ಕಾರ್ಖಾನೆಯೂ ಇರುವ ಈ ಸೀಮೆಯಲ್ಲಿ, ತೊಗರಿ ರಾಶಿಯ ಹೊಟ್ಟು ತೂರುವ ದಿನಗಳಲ್ಲಿ, ಗೂಡನ್ನು ಗಾಳಿಯ ಮರೆಯಲ್ಲಿಡುವುದು ಲೇಸು.

ಮನೆಯಲ್ಲಿರುವ ಮನುಷ್ಯರ ಔಷಧಿಯನ್ನು ಹಾಕುವುದಂತೂ ಅಪಾಯ. ಪಟಲದಲ್ಲಿ ಹುಣ್ಣಿದ್ದಾಗ ಸ್ಟೆರಾಯ್ಡ್ ಹನಿಯು ಹುಣ್ಣನ್ನು ಬೆಳೆಸಿ ದೃಷ್ಟಿಯನ್ನೇ ಕಳೆದೀತು. ಅಮಾಕ್ಸಿಸಿಲಿನ್ನನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಹಿತಕರ ಜೀವಿಗಳು ನಾಶವಾಗಿ ಮೊಲವು ಸಾಯುವುದುಂಟು. ಕಣ್ಣು ಮುಚ್ಚಿಕೊಂಡು ಮೇವು ಬಿಟ್ಟ ಮೊಲವನ್ನು ಅಂದೇ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.

ಗೋವೈದ್ಯವನ್ನು ಬರೆದವರು ತಮ್ಮ ಕೊಟ್ಟಿಗೆಯ ಪ್ರಾಣಿಯನ್ನು ಕಣ್ಣಾರೆ ಕಂಡು ಅರಿತವರು. ಅವರಿಂದ ನಾವು ಪಡೆಯಬೇಕಾದುದು ಮೊಲಕ್ಕೆ ಒಂದು ಹಳೆಯ ಮದ್ದನ್ನಲ್ಲ, ಆ ನೋಡುವ ಕ್ರಮವನ್ನು. ಬೇರೆಡೆಯಿಂದ ಬಂದು ನಮ್ಮ ಮನೆ ಸೇರಿದ ಪ್ರಾಣಿಗೆ ಹಳೆಯ ಹೆಸರನ್ನು ಕೊಟ್ಟೆವು. ಅದರ ಪ್ರಕೃತಿಯನ್ನು ಅರಿಯುವ ಹೊಣೆ ಇನ್ನೂ ಉಳಿದಿದೆ.