ಹ್ಯಾಲೊವೀನ್ 2 (1981ರ ಚಲನಚಿತ್ರ)

ಹ್ಯಾಲೊವೀನ್ 2 1981ರಲ್ಲಿ ತೆರೆಕಂಡ ಅಮೆರಿಕದ ಭಯಾನಕ ಚಲನಚಿತ್ರ. ಇದು ಜಾನ್ ಕಾರ್ಪೆಂಟರ್ ನಿರ್ದೇಶಿಸಿದ *ಹ್ಯಾಲೊವೀನ್* (1978) ಚಿತ್ರದ ಉತ್ತರಭಾಗ. ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಚಿತ್ರಕಥೆ ಬರೆದು ನಿರ್ಮಿಸಿದ ಈ ಚಿತ್ರವನ್ನು ರಿಕ್ ರೋಸೆಂಥಾಲ್ ನಿರ್ದೇಶಿಸಿದರು. ಇದು ಅವರ ಮೊದಲ ಪೂರ್ಣಾವಧಿ ಚಲನಚಿತ್ರ. ಜೇಮೀ ಲೀ ಕರ್ಟಿಸ್ ಮತ್ತು ಡೊನಾಲ್ಡ್ ಪ್ಲೆಸೆನ್ಸ್ ಮೊದಲ ಚಿತ್ರದ ತಮ್ಮ ಪಾತ್ರಗಳನ್ನೇ ಇಲ್ಲಿಯೂ ನಿರ್ವಹಿಸಿದ್ದಾರೆ. ಮುಖವಾಡ ಧರಿಸಿದ ಕೊಲೆಗಾರನೊಬ್ಬನು ಹರಿತವಾದ ಆಯುಧದಿಂದ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ 'ಸ್ಲಾಷರ್' ಪ್ರಕಾರಕ್ಕೆ ಈ ಚಿತ್ರ ಸೇರುತ್ತದೆ. ಕೊಲೆಗಾರ ಮೈಕೆಲ್ ಮೈಯರ್ಸ್ ಮತ್ತು ನಾಯಕಿ ಲಾರಿ ಸ್ಟ್ರೋಡ್ ಒಡಹುಟ್ಟಿದವರು ಎಂಬ ಸಂಗತಿಯನ್ನು ಕಥೆಗೆ ಸೇರಿಸಿದುದು ಈ ಚಿತ್ರವೇ. ಈ ಒಂದು ಬದಲಾವಣೆ ಮುಂದಿನ ಹಲವು ದಶಕಗಳ ಕಾಲ ಸರಣಿಯ ದಿಕ್ಕನ್ನು ನಿರ್ಧರಿಸಿತು.

## ಕಥಾವಸ್ತು

ಮೊದಲ ಚಿತ್ರ ಮುಗಿದ ಕ್ಷಣದಿಂದಲೇ ಕಥೆ ಮುಂದುವರಿಯುತ್ತದೆ. 1978ರ ಅಕ್ಟೋಬರ್ 31ರ ರಾತ್ರಿ, ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಎಂಬ ಕಾಲ್ಪನಿಕ ಊರಿನಲ್ಲಿ, ಮನೋವೈದ್ಯ ಡಾ. ಲೂಮಿಸ್ ಹಾರಿಸಿದ ಗುಂಡುಗಳಿಗೆ ಗುರಿಯಾದ ಮೈಕೆಲ್ ಮಾಳಿಗೆಯಿಂದ ಕೆಳಗೆ ಬಿದ್ದರೂ ಸಾಯದೆ ಕಣ್ಮರೆಯಾಗುತ್ತಾನೆ. ಗಾಯಗೊಂಡ ಲಾರಿಯನ್ನು ಊರಿನ ಆಸ್ಪತ್ರೆಗೆ ಸೇರಿಸಲಾಗುತ್ತದೆ. ಮೈಕೆಲ್ ಅವಳನ್ನು ಹುಡುಕಿಕೊಂಡು ಅಲ್ಲಿಗೂ ಬಂದು, ರಾತ್ರಿಪಾಳಿಯ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ.

ಲಾರಿಯು ಮೈಕೆಲ್‌ನ ತಂಗಿ ಎಂಬುದು ಇತ್ತ ಲೂಮಿಸ್‌ಗೆ ಗುಪ್ತ ಕಡತವೊಂದರ ಮೂಲಕ ತಿಳಿದುಬರುತ್ತದೆ. ಹೆತ್ತವರ ಮರಣಾನಂತರ ಸ್ಟ್ರೋಡ್ ಕುಟುಂಬವು ಅವಳನ್ನು ದತ್ತು ತೆಗೆದುಕೊಂಡಿರುತ್ತದೆ. ಅಂತಿಮ ದೃಶ್ಯಗಳಲ್ಲಿ ಲಾರಿ ಮೈಕೆಲ್‌ನ ಕಣ್ಣುಗಳಿಗೆ ಗುಂಡು ಹಾರಿಸುತ್ತಾಳೆ. ಲೂಮಿಸ್ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅನಿಲವನ್ನು ಹರಿಯಬಿಟ್ಟು ಬೆಂಕಿ ಹೊತ್ತಿಸುತ್ತಾನೆ.

## ನಿರ್ಮಾಣ

### ಚಿತ್ರಕಥೆ

ಸುಮಾರು 3 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಮೊದಲ ಚಿತ್ರವು ಅಮೆರಿಕದಲ್ಲಿಯೇ ಸುಮಾರು 4.7 ಕೋಟಿ ಡಾಲರ್ ಗಳಿಸಿತ್ತು. ಅದನ್ನು ಅನುಸರಿಸಿ ಬಂದ *ಫ್ರೈಡೇ ದ ಥರ್ಟೀನ್ತ್* (1980) ಮೊದಲಾದ ಚಿತ್ರಗಳೂ ಯಶಸ್ವಿಯಾಗಿದ್ದುದರಿಂದ ಉತ್ತರಭಾಗಕ್ಕೆ ಬೇಡಿಕೆ ಹೆಚ್ಚಿತು. ಕಾರ್ಪೆಂಟರ್ ಅವರ ದೃಷ್ಟಿಯಲ್ಲಿ ಕಥೆ ಮೊದಲ ಚಿತ್ರದಲ್ಲಿಯೇ ಮುಗಿದಿತ್ತು. ಆದರೂ ಅವರು ಹಿಲ್ ಅವರೊಂದಿಗೆ ಚಿತ್ರಕಥೆ ಬರೆಯಲು ಒಪ್ಪಿಕೊಂಡರು. ಕೆಲವು ವರ್ಷಗಳ ಬಳಿಕ ಲಾರಿ ವಾಸಿಸುವ ಬಹುಮಹಡಿ ಕಟ್ಟಡದಲ್ಲಿ ಕಥೆ ನಡೆಯಬೇಕೆಂಬುದು ಆರಂಭದ ಆಲೋಚನೆಗಳಲ್ಲಿ ಒಂದಾಗಿತ್ತು. ಅದನ್ನು ಕೈಬಿಟ್ಟು, ಅದೇ ರಾತ್ರಿಯ ಆಸ್ಪತ್ರೆಯನ್ನು ಆರಿಸಿಕೊಳ್ಳಲಾಯಿತು.

ಹೇಳಲು ಹೊಸದೇನೂ ಉಳಿದಿರದಿದ್ದಾಗ, ರಾತ್ರಿ ಬಿಯರ್ ಕುಡಿಯುತ್ತಾ ಬರೆಯುತ್ತಿದ್ದ ಸಮಯದಲ್ಲಿ ಅಣ್ಣ-ತಂಗಿಯ ಸಂಬಂಧ ತಮಗೆ ಹೊಳೆಯಿತೆಂದು ಕಾರ್ಪೆಂಟರ್ ನಂತರದ ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ಅದು ತಪ್ಪು ನಿರ್ಧಾರವಾಗಿತ್ತೆಂಬ ಅಭಿಪ್ರಾಯವನ್ನೂ ವ್ಯಕ್ತಪಡಿಸಿದ್ದಾರೆ. ಇದೇ ಅವಧಿಯಲ್ಲಿ ಮೊದಲ ಚಿತ್ರದ ದೂರದರ್ಶನ ಪ್ರಸಾರಕ್ಕೆಂದು ಅವರು ಕೆಲವು ಹೆಚ್ಚುವರಿ ದೃಶ್ಯಗಳನ್ನು ಚಿತ್ರೀಕರಿಸಿದರು. ಅವುಗಳಲ್ಲೊಂದರಲ್ಲಿ ಮೈಕೆಲ್ ತಪ್ಪಿಸಿಕೊಂಡ ಕೊಠಡಿಯ ಬಾಗಿಲಿನ ಮೇಲೆ 'ತಂಗಿ' ಎಂಬ ಅರ್ಥದ ಪದ ಕಾಣಿಸುತ್ತದೆ. ಹೀಗೆ ಹೊಸ ಕಲ್ಪನೆಯ ಸುಳಿವು ಹಳೆಯ ಚಿತ್ರದೊಳಗೂ ಸೇರಿಕೊಂಡಿತು.

### ಚಿತ್ರೀಕರಣ

ನಿರ್ದೇಶನದ ಹೊಣೆ ಮೊದಲು ಟಾಮಿ ಲೀ ವ್ಯಾಲೆಸ್ ಅವರ ಮುಂದೆ ಬಂದಿತ್ತು. ಅವರು ನಿರಾಕರಿಸಿದ ಬಳಿಕ ರೋಸೆಂಥಾಲ್ ಆಯ್ಕೆಯಾದರು. ಸುಮಾರು 25 ಲಕ್ಷ ಡಾಲರ್ ವೆಚ್ಚದ ಈ ಚಿತ್ರವನ್ನು 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿತ್ರೀಕರಿಸಲಾಯಿತು. ಎರಡು ಚಿತ್ರಗಳೂ ಒಂದೇ ರಾತ್ರಿಯ ಕಥೆಯೆಂದು ತೋರುವಂತೆ ಛಾಯಾಗ್ರಾಹಕ ಡೀನ್ ಕಂಡಿ ಅವರನ್ನು ಮರಳಿ ಕರೆತರಲಾಯಿತು. ಕರ್ಟಿಸ್ ಅವರ ಕೂದಲು ಆ ವೇಳೆಗೆ ಗಿಡ್ಡವಾಗಿದ್ದುದರಿಂದ ಅವರು ಟೋಪನ್ ಧರಿಸಿ ನಟಿಸಿದರು.

ಮೈಕೆಲ್ ಪಾತ್ರವನ್ನು ಸಾಹಸ ಕಲಾವಿದ ಡಿಕ್ ವಾರ್ಲಾಕ್ ನಿರ್ವಹಿಸಿದರು. ಮೊದಲ ಚಿತ್ರದ ಮುಖವಾಡವನ್ನೇ ಮತ್ತೆ ಬಳಸಲಾಯಿತು. ಹಿಲ್ ಅವರ ಮನೆಯಲ್ಲಿದ್ದ ಅದು ಹಳದಿ ಬಣ್ಣಕ್ಕೆ ತಿರುಗಿತ್ತು. ವಾರ್ಲಾಕ್ ಅವರ ತಲೆಯ ಆಕಾರವೂ ಬೇರೆಯಾಗಿದ್ದುದರಿಂದ ಅದೇ ಮುಖವಾಡ ಇಲ್ಲಿ ಭಿನ್ನವಾಗಿ ಕಾಣುತ್ತದೆ.

### ಸಂಕಲನ ಮತ್ತು ಸಂಗೀತ

ಮೊದಲ ಚಿತ್ರದಂತೆ ಕುತೂಹಲವನ್ನು ನಿಧಾನವಾಗಿ ಬೆಳೆಸುವುದು ರೋಸೆಂಥಾಲ್ ಅವರ ಆಶಯವಾಗಿತ್ತು. ಅವರ ಆವೃತ್ತಿಯಲ್ಲಿ ಭಯ ಸಾಲದೆಂದು ಭಾವಿಸಿದ ಕಾರ್ಪೆಂಟರ್ ತಾವೇ ಕೆಲವು ಹಿಂಸಾತ್ಮಕ ದೃಶ್ಯಗಳನ್ನು ಚಿತ್ರೀಕರಿಸಿ ಸೇರಿಸಿದರು. ರಕ್ತಪಾತವನ್ನು ನಿಚ್ಚಳವಾಗಿ ತೋರಿಸುವ ಹೊಸ ಚಿತ್ರಗಳ ನಡುವೆ ಇದು ಸಪ್ಪೆಯೆನಿಸಬಾರದೆಂಬುದು ಅದಕ್ಕೆ ಕಾರಣವಾಗಿತ್ತು. ಈ ಸೇರ್ಪಡೆಯ ಬಗ್ಗೆ ರೋಸೆಂಥಾಲ್ ಅಸಮಾಧಾನ ವ್ಯಕ್ತಪಡಿಸಿದ್ದಾರೆ.

ಸಂಗೀತವನ್ನು ಕಾರ್ಪೆಂಟರ್ ಮತ್ತು ಅಲನ್ ಹೌವರ್ತ್ ಸಂಯೋಜಿಸಿದರು. ಮೂಲ ಚಿತ್ರದಲ್ಲಿ ಪಿಯಾನೊದಲ್ಲಿ ಕೇಳಿಬಂದ ಪ್ರಧಾನ ಸ್ವರಪಂಕ್ತಿಯನ್ನು ಇಲ್ಲಿ ಆರ್ಗನ್‌ನಂತೆ ಧ್ವನಿಸುವ ಸಿಂಥಸೈಜರ್‌ನಲ್ಲಿ ನುಡಿಸಲಾಗಿದೆ.

## ಬಿಡುಗಡೆ ಮತ್ತು ವಿಮರ್ಶೆ

ಯೂನಿವರ್ಸಲ್ ಸಂಸ್ಥೆಯು ಚಿತ್ರವನ್ನು 1981ರ ಅಕ್ಟೋಬರ್ 30ರಂದು ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಇದರ ಗಳಿಕೆ ಸುಮಾರು 2.55 ಕೋಟಿ ಡಾಲರ್. ಇದು ಮೊದಲ ಚಿತ್ರದ ಗಳಿಕೆಗಿಂತ ಬಹಳ ಕಡಿಮೆಯಾದರೂ ವೆಚ್ಚದ ಸುಮಾರು ಹತ್ತು ಪಟ್ಟಾಗಿತ್ತು.

ವಿಮರ್ಶಕರ ಪ್ರತಿಕ್ರಿಯೆ ಹೆಚ್ಚಾಗಿ ನಿರಾಶಾದಾಯಕವಾಗಿತ್ತು. ಮೊದಲ ಚಿತ್ರಕ್ಕೆ ನಾಲ್ಕು ನಕ್ಷತ್ರಗಳನ್ನು ನೀಡಿದ್ದ ರೋಜರ್ ಈಬರ್ಟ್ ಇದಕ್ಕೆ ಎರಡನ್ನಷ್ಟೇ ನೀಡಿ, ಮೂಲದ ಶ್ರೇಷ್ಠತೆಯಿಂದ ಇದು ಕುಸಿದಿದೆಯೆಂದು ಟೀಕಿಸಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾನೆಟ್ ಮ್ಯಾಸ್ಲಿನ್ ಅವರು, ಆ ಕಾಲದ ಇತರ ಭಯಾನಕ ಚಿತ್ರಗಳಿಗೆ ಹೋಲಿಸಿದರೆ ಇದು ಉತ್ತಮ ಮಟ್ಟದ್ದೆಂದು ಮೆಚ್ಚಿದರು. ಈ ಭಿನ್ನಾಭಿಪ್ರಾಯ ಇಂದಿಗೂ ಉಳಿದಿದೆ. ನಿರ್ಜನ ಆಸ್ಪತ್ರೆಯ ಮಬ್ಬುಗತ್ತಲೆಯನ್ನೂ ಕಂಡಿ ಅವರ ಛಾಯಾಗ್ರಹಣವನ್ನೂ ಮೆಚ್ಚುವವರಿದ್ದಾರೆ. ಚಿತ್ರದ ಬಹುಭಾಗ ಹಾಸಿಗೆಯಲ್ಲಿಯೇ ಇರುವ ಲಾರಿಯ ಪಾತ್ರ ಮೊದಲಿನಷ್ಟು ಸಕ್ರಿಯವಾಗಿಲ್ಲವೆಂಬ ಆಕ್ಷೇಪವೂ ಇದೆ.

## ಪರಂಪರೆ

ಮೊದಲ ಚಿತ್ರದಲ್ಲಿ ಮೈಕೆಲ್‌ನ ಕೃತ್ಯಗಳಿಗೆ ಕಾರಣವೇ ಇರಲಿಲ್ಲ. ಅವನು ಯಾರ ಮನೆಯ ಮುಂದೆ ಬೇಕಾದರೂ ನಿಲ್ಲಬಹುದಿತ್ತು ಎಂಬುದರಲ್ಲಿಯೇ ಅದರ ಭೀತಿ ಅಡಗಿತ್ತು. ರಕ್ತಸಂಬಂಧವು ಆ ಭೀತಿಗೆ ಒಂದು ಕಾರಣವನ್ನು ಒದಗಿಸಿ ಅದರ ವ್ಯಾಪ್ತಿಯನ್ನು ಕುಗ್ಗಿಸಿತು ಎಂಬುದು ಈ ಚಿತ್ರದ ಮೇಲಿನ ಪ್ರಮುಖ ಆಕ್ಷೇಪ. ಆದರೆ ಸರಣಿ ಮುಂದುವರಿಯಲು ಅದೇ ಆಧಾರವಾಯಿತು. ಮೈಕೆಲ್ ಇಲ್ಲದ ಪ್ರತ್ಯೇಕ ಕಥೆಯುಳ್ಳ ಮೂರನೆಯ ಚಿತ್ರದ (1982) ಬಳಿಕ, ನಾಲ್ಕನೆಯ ಚಿತ್ರದಲ್ಲಿ (1988) ಅವನು ಲಾರಿಯ ಮಗಳನ್ನು ಬೆನ್ನಟ್ಟುತ್ತಾನೆ. *ಹ್ಯಾಲೊವೀನ್ ಎಚ್20* (1998) ಚಿತ್ರವು ನಾಲ್ಕರಿಂದ ಆರರವರೆಗಿನ ಭಾಗಗಳನ್ನು ಬದಿಗಿರಿಸಿ ಈ ಚಿತ್ರದಿಂದಲೇ ಕಥೆಯನ್ನು ಮುಂದುವರಿಸಿತು. ರಾಬ್ ಝಾಂಬಿ ಅವರ 2007ರ ಮರುನಿರ್ಮಾಣವೂ ಅಣ್ಣ-ತಂಗಿಯ ಸಂಬಂಧವನ್ನು ಉಳಿಸಿಕೊಂಡಿತು.

ಡೇವಿಡ್ ಗಾರ್ಡನ್ ಗ್ರೀನ್ ನಿರ್ದೇಶನದ 2018ರ *ಹ್ಯಾಲೊವೀನ್* ಈ ಎಳೆಯನ್ನು ಕಡಿಯಿತು. 1978ರ ಚಿತ್ರವನ್ನು ಮಾತ್ರ ಆಧಾರವಾಗಿಟ್ಟುಕೊಂಡ ಅದರಲ್ಲಿ, ಒಡಹುಟ್ಟಿದವರೆಂಬುದು ಜನರು ಕಟ್ಟಿದ ಕಥೆಯೆಂದು ಲಾರಿಯ ಮೊಮ್ಮಗಳೇ ಹೇಳುತ್ತಾಳೆ. ಆ ಚಿತ್ರಕ್ಕೆ ಕಾರ್ಯಕಾರಿ ನಿರ್ಮಾಪಕರಾಗಿಯೂ ಸಂಗೀತ ಸಂಯೋಜಕರಲ್ಲಿ ಒಬ್ಬರಾಗಿಯೂ ಕೆಲಸ ಮಾಡಿದವರು ಆ ಸಂಬಂಧವನ್ನು ಸೃಷ್ಟಿಸಿದ ಕಾರ್ಪೆಂಟರ್ ಅವರೇ. ಆದರೂ 1981ರ ಚಿತ್ರದ ಪ್ರಭಾವ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಭಾಗವಾದ *ಹ್ಯಾಲೊವೀನ್ ಕಿಲ್ಸ್* (2021) ಚಿತ್ರದಲ್ಲಿಯೂ ಕಥೆ ಅದೇ ರಾತ್ರಿ ಮುಂದುವರಿಯುತ್ತದೆ ಮತ್ತು ಗಾಯಗೊಂಡ ಲಾರಿ ಹ್ಯಾಡನ್‌ಫೀಲ್ಡ್‌ನ ಆಸ್ಪತ್ರೆಯಲ್ಲಿರುತ್ತಾಳೆ.