ಗಡಿ ಸರಿಸುವ ಮುನ್ನ
1997ರಲ್ಲಿ ಆಗಿನ ವಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಬೇರೆಯಾದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ಹಳೆಯ ಜಿಲ್ಲೆಯಲ್ಲೇ ಉಳಿದವು. ಮುಂದೆ ಇವುಗಳೂ ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ತಾಲೂಕುಗಳಾದವು. ನಕ್ಷೆಯಲ್ಲಿ ಗೆರೆ ಎಳೆಯುವುದು ಸುಲಭ. ಗೆರೆಯಾಚೆ ಹೋದ ಹಳ್ಳಿಗಳ ದಫ್ತರವೂ ಸರಿಯಾಗಿ ಆಚೆ ಸೇರಬೇಕಲ್ಲ!

ಗಣಕಯಂತ್ರದ ಡಿಸ್ಕಿನ ಕಥೆಯೂ ಇಂಥದೇ. 1983ರಲ್ಲಿ ಬಂದ ಐಬಿಎಂ ಪಿಸಿಯ ಡಾಸ್ 2.0, ಹಾರ್ಡ್ ಡಿಸ್ಕಿನ ಆರಂಭದಲ್ಲೇ ನಾಲ್ಕು ಭಾಗಗಳ ಗಡಿ ಬರೆದಿಡುವ ಕೋಷ್ಟಕವನ್ನು ಇರಿಸಿತು. ಗಡಿ ಬದಲಿಸಬೇಕೆಂದರೆ ಆಗ ಎಲ್ಲವನ್ನೂ ಅಳಿಸಿ ಹೊಸದಾಗಿ ಹಂಚಬೇಕಿತ್ತು. ಕಡತಗಳನ್ನು ಉಳಿಸಿಕೊಂಡೇ ಗಡಿ ಸರಿಸುವ ಪಾರ್ಟಿಷನ್ ಮ್ಯಾಜಿಕ್‌ನಂಥ ತಂತ್ರಾಂಶಗಳು 1990ರ ದಶಕದಲ್ಲಿ ಬಂದವು. 2007ರಲ್ಲಿ ವಿಂಡೋಸ್ ವಿಸ್ತಾದಲ್ಲೇ ಈ ಸೌಲಭ್ಯ ಸೇರಿತು.

ಗುಟ್ಟೆಲ್ಲ ಇರುವುದು ಕ್ರಮದಲ್ಲಿ. ಯಾವ ಕಡತ ಎಲ್ಲಿದೆಯೆಂಬ ದಫ್ತರವನ್ನು ಫೈಲ್ ಸಿಸ್ಟಮ್ ಇಟ್ಟುಕೊಂಡಿರುತ್ತದೆ. ಗಡಿಯ ಕೋಷ್ಟಕಕ್ಕೆ ಅದರ ಪರಿವೆಯೇ ಇಲ್ಲ. ಭಾಗವನ್ನು ಕಿರಿದಾಗಿಸುವಾಗ ಅಂಚಿನಲ್ಲಿರುವ ಕಡತಗಳನ್ನು ಒಳಕ್ಕೆ ಸಾಗಿಸಿ, ಫೈಲ್ ಸಿಸ್ಟಮನ್ನು ಕುಗ್ಗಿಸಿ, ಕಡೆಗೆ ಗಡಿಯನ್ನು ಒಳಕ್ಕೆ ತರಬೇಕು. ಹಿಗ್ಗಿಸುವಾಗ ಗಡಿ ಮೊದಲು, ಫೈಲ್ ಸಿಸ್ಟಮ್ ಆಮೇಲೆ. ಈ ಕ್ರಮ ತಿರುವುಮುರುವಾದರೆ ವರ್ಷಗಳ ಲೆಕ್ಕಪತ್ರ, ಮಕ್ಕಳ ಫೋಟೊಗಳು ಗಡಿಯಾಚೆ ಉಳಿದು ಕೈಗೆ ಸಿಗದಂತಾಗುತ್ತವೆ. ಕಡತಗಳು ಸಾಗುತ್ತಿರುವಾಗಲೇ ಕರೆಂಟು ಹೋದರಂತೂ ದಫ್ತರ ಒಂದು ಹೇಳಿದರೆ ಡಿಸ್ಕಿನಲ್ಲಿರುವುದು ಇನ್ನೊಂದು. ಆದಕಾರಣ ಬಲ್ಲವರು ಗಡಿ ಮುಟ್ಟುವ ಮುಂಚೆ ಎಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟು, ಆ ಪ್ರತಿ ತೆರೆಯುತ್ತದೆಯೇ ಎಂದೂ ನೋಡಿಕೊಳ್ಳುತ್ತಾರೆ.