ಗುರ್‌ಪ್ರೀತ್ ಸಿಂಗ್ ಸಂಧು
1992- . ಭಾರತದ ಫುಟ್‌ಬಾಲ್ ಗೋಲ್‌ಕೀಪರ್. ಹುಟ್ಟಿದ್ದು ಫೆಬ್ರುವರಿ 3ರಂದು, ಪಂಜಾಬಿನ ಮೊಹಾಲಿಯಲ್ಲಿ. ಯೂರೋಪಿನಲ್ಲಿ ಆಡಿದ್ದು ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ. ಕನ್ನಡಿಗರಿಗೆ ಪರಿಚಿತರಾದದ್ದು 2017ರಿಂದ ಬೆಂಗಳೂರು ಎಫ್‌ಸಿ ತಂಡದ ಗೋಲು ಕಾಯುವವರಾಗಿ. ಎತ್ತರ ಆರೂವರೆ ಅಡಿಯ ಆಸುಪಾಸು.

ಚಂಡೀಗಢದ ಸೇಂಟ್ ಸ್ಟೀಫನ್ಸ್ ಅಕಾಡೆಮಿಯಲ್ಲಿ ಕಲಿತು, 2009ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. 2014ರಲ್ಲಿ ಅಲ್ಲಿಂದ ನೇರ ನಾರ್ವೆಗೆ. ಓಸ್ಲೋ ನಗರಕ್ಕೆ ಅಂಟಿಕೊಂಡಂತಿರುವ ಬೇರುಮ್‌ನ ಕ್ಲಬ್ ಸ್ಟಾಬೆಕ್. ಆಗ ಅದರ ತರಬೇತುದಾರ ಅಮೆರಿಕದ ಬಾಬ್ ಬ್ರ್ಯಾಡ್ಲಿ.

ಹೊರದೇಶದಲ್ಲಿ ಗೋಲ್‌ಕೀಪರ್ ಆಗಿ ನೆಲೆಯೂರುವುದು ಮುಂಚೂಣಿ ಆಟಗಾರನಿಗಿಂತ ಕಷ್ಟ. ಮುಂಚೂಣಿಯವನಿಗೆ ಕೊನೆಯ ಹತ್ತು ನಿಮಿಷವಾದರೂ ಮೈದಾನ ಸಿಕ್ಕೀತು. ಗೋಲಿನ ಕಂಬಗಳ ನಡುವೆ ಜಾಗ ಇರುವುದು ಒಬ್ಬನಿಗೆ. ಅವನು ಗಾಯಗೊಳ್ಳದೆ, ಎಡವದೆ ಇದ್ದಷ್ಟು ದಿನ ಎರಡನೆಯವನು ಬೆಂಚಿನ ಮೇಲೇ. ಸಂಧು ಅವರ ಮುಂದೆ ಐವರಿ ಕೋಸ್ಟ್‌ನ ಸಾಯೂಬಾ ಮಾಂಡೆ ಇದ್ದರು. ಹೀಗಾಗಿ ನಾರ್ವೆಯ ಅಗ್ರ ಲೀಗ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು ಸುಮಾರು ಎರಡು ವರ್ಷ ಕಾದ ಮೇಲೆ, 2016ರ ಮೇ ತಿಂಗಳಲ್ಲಿ. ಸ್ಟಾರ್ಟ್ ತಂಡದ ಎದುರು ಸ್ಟಾಬೆಕ್ 5-0ಯಿಂದ ಗೆದ್ದಿತು. ಮರುತಿಂಗಳು, ಜೂನ್ 30ರಂದು, ವೇಲ್ಸ್‌ನ ಕಾನಾಸ್ ಕ್ವೇ ನೋಮ್ಯಾಡ್ಸ್ ವಿರುದ್ಧ ಕಣಕ್ಕಿಳಿದು ಯೂರೋಪಾ ಲೀಗ್ ಅರ್ಹತಾ ಸುತ್ತಿನಲ್ಲಿ ಆಡಿದ ಮೊದಲ ಭಾರತೀಯರೆನಿಸಿದರು. ಆದರೆ ಮೊದಲಾರ್ಧ ಮುಗಿಯುವ ಮೊದಲೇ ಗಾಯಗೊಂಡು ಹೊರನಡೆಯಬೇಕಾಯಿತು.

ಇವರಿಗೂ ಮುಂಚೆ, 2014ರಲ್ಲೇ, ಭಾರತದ ಇನ್ನೊಬ್ಬ ಗೋಲ್‌ಕೀಪರ್ ಸುಬ್ರತಾ ಪಾಲ್ ಡೆನ್ಮಾರ್ಕ್‌ನ ಕ್ಲಬ್ ಒಂದನ್ನು ಸೇರಿದ್ದರು. ಮಹಿಳೆಯರಲ್ಲಿ ಅದಿತಿ ಚೌಹಾಣ್ 2015ರಲ್ಲಿ ಇಂಗ್ಲೆಂಡಿನ ವೆಸ್ಟ್‌ಹ್ಯಾಮ್ ಮಹಿಳಾ ತಂಡದ ಗೋಲು ಕಾದರು. ಕರ್ನಾಟಕದ ಮಟ್ಟಿಗೆ ಹಳೆಯ ನೆನಪು ಕೆ. ವಿ. ವರದರಾಜ್ ಅವರದು. ವೃತ್ತಿಪರ ಕ್ಲಬ್ಬಿಗಲ್ಲ, ದೇಶಕ್ಕಾಗಿ ಹೊರನಾಡಿಗೆ ಹೋದ ಅವರು 1948ರ ಲಂಡನ್ ಒಲಿಂಪಿಕ್ಸ್ ತಂಡದ ಗೋಲ್‌ಕೀಪರ್. ಅಲ್ಲಿ ಭಾರತ ಎರಡು ಪೆನಾಲ್ಟಿ ಕೈಚೆಲ್ಲಿ ಫ್ರಾನ್ಸ್‌ಗೆ 1-2ರಿಂದ ಸೋತಿತು.

ನಾರ್ವೆಯಲ್ಲಿ ಸಂಧು ಆಡಿದ ಪಂದ್ಯಗಳು ಕಡಿಮೆಯೇ. ಆ ಕಾಯುವಿಕೆ ವ್ಯರ್ಥವಾಯಿತು ಎನ್ನಲು ಮಾತ್ರ ಬೆಂಗಳೂರಿನ ವರ್ಷಗಳು ಬಿಡುವುದಿಲ್ಲ. 2018-19ರಲ್ಲಿ ಬೆಂಗಳೂರು ಎಫ್‌ಸಿ ಮೊದಲ ಬಾರಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಆ ಋತುವಿನ ಮತ್ತು ಮರುಋತುವಿನ ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೋವ್ ಸಂಧು ಅವರಿಗೆ ಸಂದಿತು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದೇ ವರ್ಷ ಸೆಪ್ಟೆಂಬರ್ 10ರಂದು ದೋಹಾದಲ್ಲಿ, ಭಾರತ ತಂಡದ ನಾಯಕ ಸುನಿಲ್ ಛೆಟ್ರಿ ಅನಾರೋಗ್ಯದಿಂದ ಹೊರಗುಳಿದಾಗ, ನಾಯಕನ ಪಟ್ಟಿ ತೋಳಿಗೇರಿಸಿ ಏಷ್ಯಾ ಚಾಂಪಿಯನ್ ಕತಾರ್ ಎದುರು ನಿಂತರು. ಹೊಡೆತದ ಮೇಲೆ ಹೊಡೆತ ಬಂದರೂ ಒಂದನ್ನೂ ಬಲೆ ಸೇರಗೊಡಲಿಲ್ಲ. ಪಂದ್ಯ 0-0. ಅವರ ಆಟದಲ್ಲಿ ಒಂದನ್ನೇ ಆರಿಸಬೇಕೆಂದರೆ ಇದನ್ನೇ ಆರಿಸಬೇಕು.

ಬೆಂಗಳೂರಿನ ಪ್ರೇಕ್ಷಕರ ಆಯ್ಕೆ ಬೇರೆ ಇದ್ದೀತು. 2023ರ ಸ್ಯಾಫ್ ಚಾಂಪಿಯನ್‌ಷಿಪ್ ನಡೆದದ್ದು ಕಂಠೀರವ ಕ್ರೀಡಾಂಗಣದಲ್ಲಿ. ಸೆಮಿಫೈನಲ್‌ನಲ್ಲಿ ಲೆಬನಾನ್ ಪೆನಾಲ್ಟಿಗಳಲ್ಲಿ ಮಣಿಯಿತು. ಜುಲೈ 4ರ ಫೈನಲ್ ಕೂಡ 1-1ಕ್ಕೆ ನಿಂತು ಪೆನಾಲ್ಟಿಗೇ ಹೋಯಿತು. ಭಾರತ 5-4ರಿಂದ ಮುಂದಿದ್ದಾಗ ಕುವೈತ್‌ನ ಖಾಲಿದ್ ಹಾಜಿಯಾ ಒದೆಯಲು ಬಂದರು. ಸಂಧು ಮಗ್ಗುಲಿಗೆ ಹಾರಿ ಚೆಂಡನ್ನು ತಡೆದರು. ಕಪ್ ಭಾರತದಲ್ಲೇ ಉಳಿಯಿತು.